ಸಮಿತಿಯಲ್ಲಿ ನಮ್ಮ ಹೆಬ್ಬೆಟ್ಟು, ಶಾಲೆಯಲ್ಲಿ ಅವರ ದರ್ಬಾರು

ಸರ್ಕಾರದ ಸುತ್ತೋಲೆಗಳಿಗೆ ಒಂದು ಮಾತು ಬಹಳ ಪ್ರಿಯ. 'ಸಮುದಾಯದ ಸಹಭಾಗಿತ್ವ'. ಶಾಲೆ ಸಮುದಾಯದ್ದು, ಸಮುದಾಯವೇ ಅದನ್ನು ನೋಡಿಕೊಳ್ಳಬೇಕು, ಸಮುದಾಯ ಕಣ್ಣು ಬಿಟ್ಟರೆ ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಬಿಸಿಯೂಟ ಬೇಯುತ್ತದೆ, ಮಕ್ಕಳು ಕಲಿಯುತ್ತಾರೆ. ಕೇಳಲು ಇಂಪಾಗಿದೆ. ನಮ್ಮದು ಒಂದೇ ಪ್ರಶ್ನೆ. ಈ ಸಮುದಾಯ ಅಂದರೆ ಯಾರು ಸ್ವಾಮಿ? ಅದರ ಮನೆ ಊರೊಳಗಿದೆಯೋ, ಕೇರಿಯಲ್ಲಿದೆಯೋ?

ನಾವು ನೋಡಿದ ಹಳ್ಳಿಗಳಲ್ಲಿ ಸಮುದಾಯ ಎಂಬುದು ನಮಗೆ ಎಲ್ಲೂ ಎದುರಾಗಿಲ್ಲ. ಎದುರಾಗಿರುವುದು ಊರು ಮತ್ತು ಕೇರಿ. ಊರಿನ ಬಾವಿ, ಊರಿನ ಗುಡಿ, ಊರಿನ ಹೋಟೆಲು, ಊರಿನ ಕ್ಷೌರದಂಗಡಿ ಇವೆಲ್ಲ ಯಾರವು ಎಂದು ಕೇರಿಯ ಮಗುವಿಗೂ ಗೊತ್ತು. ಈಗ ಊರಿನ ಶಾಲೆಯನ್ನೂ ಊರಿಗೇ ಒಪ್ಪಿಸಿ 'ಇನ್ನು ಇದು ನಿಮ್ಮೆಲ್ಲರದು' ಎಂದರೆ ನಾವು ನಂಬಬೇಕೆ? ಹಾಗೆಂದು ಸಮಿತಿಯೇ ಬೇಡ ಅನ್ನುವುದು ನಮ್ಮ ಮಾತಲ್ಲ. ಕಾನೂನು ಈ ಸಮಿತಿಯಲ್ಲಿ ನಮ್ಮ ಕೈಗೆ ಒಂದು ಹಿಡಿ ಅಧಿಕಾರ ಕೊಟ್ಟಿದೆ. ಊರು ಅದನ್ನು ನಮ್ಮ ಕೈಯಿಂದ ಕಸಿದುಕೊಂಡಿದೆ. ಕಸಿದುಕೊಂಡದ್ದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಈಗ ಮಾತಾಡಬೇಕಾದ ವಿಷಯ.

ಮೊದಲು ಕಾಗದದ ಮೇಲಿನ ಸಂಗತಿ ನೋಡೋಣ. ಹಿಂದೆ ಶಾಲೆಗಳಿಗೆ ಬೆಟರ್‌ಮೆಂಟ್ ಕಮಿಟಿಗಳಿದ್ದವು. ಪಟೇಲ, ಶಾನುಭೋಗ, ಒಂದಿಷ್ಟು ಹಣವಿದ್ದ ದಾನಿ, ಗಣರಾಜ್ಯೋತ್ಸವದ ದಿನ ಕುರ್ಚಿಯ ಮೇಲೆ ಕೂರುವವರು ಅದರಲ್ಲಿದ್ದರು. 1994ರಲ್ಲಿ ವಿಶ್ವಬ್ಯಾಂಕಿನ ಸಾಲದ ಹಣದೊಂದಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ನಮ್ಮಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಅದು ಮೊದಲು ಶುರುವಾಯಿತು. ಆ ಹೊತ್ತಿನಲ್ಲಿ ಗ್ರಾಮ ಶಿಕ್ಷಣ ಸಮಿತಿ ಎಂಬ ಹೆಸರು ಕೇಳಿಬಂತು. ಆಮೇಲೆ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಮಾಡಿತು. ಅದನ್ನೇ ಈಗ ಎಲ್ಲರೂ ಎಸ್‌ಡಿಎಂಸಿ ಅನ್ನುವುದು. 2006ರಲ್ಲಿ ಅದನ್ನು ಪಂಚಾಯ್ತಿ ಕಾನೂನಿನ ಬೈಲಾದ ಕೆಳಗೆ ತಂದರು.

2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 21ನೇ ಕಲಮನ್ನು ನಮ್ಮ ಪ್ರತಿಯೊಂದು ಕೇರಿಯಲ್ಲೂ ಗಟ್ಟಿಯಾಗಿ ಓದಬೇಕು. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಅವಕಾಶವಂಚಿತ ಗುಂಪಿನ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು ಇರಬೇಕು. ಈ ಸಮಿತಿ ಶಾಲೆಯ ಕೆಲಸದ ಮೇಲೆ ನಿಗಾ ಇಡಬೇಕು, ಸರ್ಕಾರದಿಂದಲೋ ಪಂಚಾಯ್ತಿಯಿಂದಲೋ ಬೇರೆಲ್ಲಿಂದಲೋ ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡಬೇಕು, ಶಾಲೆಗೆ ಏನೇನು ಬೇಕು ಎಂಬ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಆ ಯೋಜನೆಯ ಆಧಾರದ ಮೇಲೆಯೇ ಅನುದಾನ ಕೊಡಬೇಕು ಎಂದು 22ನೇ ಕಲಮು ಹೇಳುತ್ತದೆ.

ಇದನ್ನು ಓದಿದರೆ ಎಷ್ಟು ಚೆನ್ನ! ಸರ್ಕಾರಿ ಶಾಲೆಯಲ್ಲಿ ಈಗ ಯಾರ ಮಕ್ಕಳು ಓದುತ್ತಿದ್ದಾರೆ? ಕೂಲಿಯವರ, ಹೊಲೆಯರ, ಮಾದಿಗರ, ನಾಯಕರ, ಲಂಬಾಣಿಗಳ, ಬಡ ಮುಸಲ್ಮಾನರ, ಕೈಕಸುಬಿನವರ ಮಕ್ಕಳು. ಅಲ್ಲೂ ಹೆಣ್ಣುಮಕ್ಕಳೇ ಜಾಸ್ತಿ, ಏಕೆಂದರೆ ಫೀಸು ಕಟ್ಟುವಷ್ಟು ಕಾಸಿದ್ದರೆ ಅದು ಗಂಡುಮಗನ ಪಾಲಾಗುತ್ತದೆ. ಕಾನೂನಿನ ಪ್ರಕಾರ ಹೋದರೆ ಶಾಲೆಯ ಆಡಳಿತ ಈ ಜನರ, ಅದರಲ್ಲೂ ಈ ತಾಯಂದಿರ ಕೈಗೆ ಬರಬೇಕು. ಬಂದಿದೆಯೆ?

ಬಂದದ್ದು ನಡಾವಳಿ ಪುಸ್ತಕ. ಅದೂ ಮನೆ ಬಾಗಿಲಿಗೆ ಬಂದಿದೆ, ಮರ್ಯಾದೆ ನೋಡಿ! ಕೂಲಿಗೆ ಹೊರಟ ಹೆಂಗಸಿನ ಮುಂದೆ ಯಾರೋ ಹುಡುಗನ ಕೈಯಲ್ಲಿ ಪುಸ್ತಕ ಕಳಿಸುತ್ತಾರೆ. 'ಅಕ್ಕಾ, ಇಲ್ಲೊಂದು ರುಜು ಹಾಕ್‌ಬುಡು, ಮೇಷ್ಟ್ರು ಹೇಳವ್ರೆ.' ಏನಕ್ಕಪ್ಪಾ ಅಂದರೆ, 'ಅದೇ, ಮೀಟಿಂಗು ಆಯ್ತಲ್ಲ.' ಯಾವ ಮೀಟಿಂಗು, ಯಾವತ್ತು ಆಯಿತು, ಅಲ್ಲಿ ಏನು ಮಾತಾಡಿದರು, ಎಷ್ಟು ದುಡ್ಡು ಡ್ರಾ ಆಯಿತು? ಇಷ್ಟು ಕೇಳುವಷ್ಟರಲ್ಲಿ ಮೇಸ್ತ್ರಿಯ ಟೆಂಪೋ ಹಾರನ್ ಹೊಡೆಯುತ್ತದೆ. ಹೆಬ್ಬೆಟ್ಟು ಒತ್ತಿ ಆಕೆ ಓಡುತ್ತಾಳೆ. ಪುಸ್ತಕದಲ್ಲಿ ಪರಿಶಿಷ್ಟ ಜಾತಿಯ ಮಹಿಳಾ ಸದಸ್ಯೆ 'ಹಾಜರು' ಎಂದು ಬರೆದಾಯಿತು. ಮೀಸಲಾತಿ ಪಾಲನೆಯಾಯಿತು, ಸಹಭಾಗಿತ್ವವೂ ಆಯಿತು, ಇಲಾಖೆಯವರು ಬಂದು ನೋಡಿದರೆ ಕಾಗದ ಕನ್ನಡಿಯಷ್ಟು ಶುಭ್ರ.

ಸಭೆ ಕರೆಯುವುದು ವಾರದ ದಿನ, ಹಗಲು ಹೊತ್ತು. ಆ ಹೊತ್ತಿಗೆ ನಮ್ಮವರು ಎಲ್ಲಿರುತ್ತಾರೆ? ಯಾರದೋ ಗದ್ದೆಯಲ್ಲಿ ನಾಟಿಗೆ, ಯಾರದೋ ಮನೆ ತಾರಸಿಗೆ ಕಾಂಕ್ರೀಟು ಹೊರಲು, ಇಲ್ಲ ಉದ್ಯೋಗ ಖಾತ್ರಿಯ ಗುಂಡಿಯಲ್ಲಿ. ಸಭೆಗೆ ಬಂದರೆ ಒಂದು ದಿನದ ಕೂಲಿ ಖೋತಾ. ಹೊಲದ ಒಡೆಯನಿಗೆ ಸಭೆ ಅಂದರೆ ಬಿಡುವು, ಹೊಲದ ಆಳಿಗೆ ಸಭೆ ಅಂದರೆ ಉಪವಾಸ. ಈ ವ್ಯತ್ಯಾಸವನ್ನು ಯಾವ ಸುತ್ತೋಲೆಯವರು ಲೆಕ್ಕ ಹಾಕಿದ್ದಾರೆ? ಇಷ್ಟರ ಮೇಲೂ ಹೋದವರಿಗೆ ಕುರ್ಚಿ ಸಿಕ್ಕುವುದಿಲ್ಲ. ಸಿಕ್ಕರೂ ಅವರಾಗಿ ಕೂರುವುದಿಲ್ಲ, ಏಕೆಂದರೆ ಎದುರಿಗೆ ಕೂತಿರುವವನು ನಾಳೆ ಕೂಲಿಗೆ ಕರೆಯಬೇಕಾದ ಗೌಡ. ಅವನಿಂದ ಮಗಳ ಮದುವೆಗೆ ಸಾಲ ತಂದಿರುತ್ತಾರೆ. ಅವನ ಮುಂದೆ ನಿಂತು 'ಅಕ್ಕಿ ಮೂಟೆ ಎಲ್ಲಿಗೆ ಹೋಯ್ತು ಗೌಡ್ರೆ' ಎಂದು ಕೇಳುವುದು ಬಾಯಿ ಮಾತಿನ ಧೈರ್ಯದಿಂದ ಆಗುವ ಕೆಲಸವಲ್ಲ. ಅದಕ್ಕೆ ಸ್ವಂತ ಹೊಲ ಬೇಕು, ಬೆನ್ನ ಹಿಂದೆ ಸಂಘಟನೆ ಬೇಕು.

ಸಭೆ ಇದೆ ಎಂದು ಸಾರಲು ತಮಟೆ ಮಾತ್ರ ನಮ್ಮದೇ ಬೇಕು. ತಮಟೆ ಹೊಡೆದವನನ್ನು ಒಳಗೆ ಬಾ ಅನ್ನುವವರಿಲ್ಲ.

ಇದೇನು ಹೊಸದೆ? 'ಊರಿನವರು ಒಪ್ಪುವುದಿಲ್ಲ' ಎಂಬ ನೆಪಕ್ಕೆ ನಮ್ಮ ನಾಡಿನಲ್ಲೇ ನೂರೆಪ್ಪತ್ತು ವರ್ಷದ ಇತಿಹಾಸವಿದೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಮಹಾರ್ ಹುಡುಗನ ಪರವಾಗಿ ಅರ್ಜಿ ಬಂತು. ಸರ್ಕಾರದ ಹಣದಲ್ಲಿ ನಡೆಯುವ ಶಾಲೆ, ಸರ್ಕಾರದ್ದೇ ಮೇಷ್ಟ್ರು. ಮುಂಬಯಿ ಸರ್ಕಾರ ಏನು ಹೇಳಿತು ಗೊತ್ತೆ? ಹುಡುಗನ ಕಡೆ ನ್ಯಾಯವಿಲ್ಲ ಎಂದು ಅದು ಹೇಳಲಿಲ್ಲ. ಅವನೊಬ್ಬನಿಗಾಗಿ ಬಾಗಿಲು ತೆರೆದರೆ ಮಿಕ್ಕ ಜಾತಿಯವರೆಲ್ಲ ಬಿಟ್ಟುಹೋಗಿ ಶಾಲೆಯೇ ಬಹುಪಾಲು ಜನರಿಗೆ ಉಪಯೋಗವಿಲ್ಲದಂತಾಗಬಹುದು, ಆದ್ದರಿಂದ ಆಗದು ಎಂದಿತು. ಬಾಬಾಸಾಹೇಬ ಅಂಬೇಡ್ಕರ್ 1928ರಲ್ಲಿ ಸೈಮನ್ ಆಯೋಗದ ಮುಂದೆ ಮುಂಬಯಿ ಪ್ರಾಂತ್ಯದ ಅಸ್ಪೃಶ್ಯರ ಶಿಕ್ಷಣದ ಲೆಕ್ಕ ಒಪ್ಪಿಸಿದಾಗ ಈ ಧಾರವಾಡದ ಹುಡುಗನನ್ನು ಮರೆಯಲಿಲ್ಲ. ನಾವೂ ಮರೆಯಬಾರದು. ಆ ಹುಡುಗನಿಗೆ ಬಾಗಿಲು ಹಾಕಿದ್ದು ಕಾನೂನಲ್ಲ, ಹಣದ ಕೊರತೆಯೂ ಅಲ್ಲ. ಬಾಗಿಲು ಹಾಕಿದ್ದು 'ಸಮುದಾಯ'. ಅದರ ಹೆಸರಿನಲ್ಲಿ ಅಗುಳಿ ಜಡಿದದ್ದು ಸರ್ಕಾರ.

1856ರಿಂದ ನೇರವಾಗಿ 2025ಕ್ಕೆ ಬನ್ನಿ. ಬ್ರಿಟಿಷರು ಹೋಗಿದ್ದಾರೆ, ಸಂವಿಧಾನ ಬಂದಿದೆ, 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಸುಪ್ರೀಂ ಕೋರ್ಟು 2001ರ ನವೆಂಬರ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. 2004ರ ಏಪ್ರಿಲ್‌ನಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದೂ ಹೇಳಿತು. ಕೋರ್ಟಿಗೆ ಅರ್ಥವಾಗಿತ್ತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು, ನಮ್ಮ ಕೈಯ ಅನ್ನವನ್ನು ಎಲ್ಲ ಮಕ್ಕಳೂ ಉಣ್ಣುವುದು, ಇದು ಹೊಟ್ಟೆ ತುಂಬಿಸುವುದರ ಜೊತೆಗೇ ಜಾತಿಯ ಬೇರಿಗೆ ಬಿಸಿನೀರು ಹೊಯ್ಯುವ ಕೆಲಸ.

ಊರಿಗೂ ಅದು ಅರ್ಥವಾಗಿತ್ತು. ಅದಕ್ಕೇ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಹೆಣ್ಣುಮಗಳು ಅಡುಗೆ ಮಾಡುತ್ತಾಳೆಂದು 118 ಮಕ್ಕಳಲ್ಲಿ ನೂರರಷ್ಟು ಮಕ್ಕಳು ಶಾಲೆ ಬಿಟ್ಟರೆಂದು 2015ರಲ್ಲಿ ಪತ್ರಿಕೆಗಳು ಬರೆದವು. ಹತ್ತು ವರ್ಷ ಕಳೆಯಿತು. 2025ರ ಜೂನ್‌ನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವಳಾದ ಮೇಲೆ 22 ಮಕ್ಕಳಲ್ಲಿ ಒಂದೇ ಒಂದು ಮಗು ಉಳಿಯಿತೆಂದು ಸುದ್ದಿ ಬಂತು. ಅಧಿಕಾರಿಗಳು ಜೀಪು ಹತ್ತಿ ಓಡಿದರು. ಕಲಿಕೆ ಸರಿಯಿರಲಿಲ್ಲ, ಅದಕ್ಕೇ ಬಿಡಿಸಿದೆವು ಎಂದು ಹೇಳಿದ ಪೋಷಕರೂ ಇದ್ದರು. ಇರಬಹುದು. ಸರ್ಕಾರಿ ಶಾಲೆಯ ಕಲಿಕೆ ಚೆನ್ನಾಗಿದೆ ಎಂದು ನಾವೂ ಸರ್ಟಿಫಿಕೇಟು ಕೊಡುವುದಿಲ್ಲ. ಆದರೆ ಕಲಿಕೆಯ ಕೊರತೆ ಸೌಟು ಹಿಡಿದ ಕೈ ಬದಲಾದ ಮೇಲೆಯೇ ಕಣ್ಣಿಗೆ ಬಿತ್ತೆ ಎಂದು ಕೇಳುವ ಹಕ್ಕು ನಮಗಿದೆ.

ಇಂಥ ದಿನ ಎಸ್‌ಡಿಎಂಸಿಯ ಕೆಲಸ ಏನು? ಇದು ಈ ಬರಹದ ನಡುಗಂಬದ ಪ್ರಶ್ನೆ. ಶಿಕ್ಷಣ ಹಕ್ಕು ಕಾಯ್ದೆಯ 8 ಮತ್ತು 9ನೇ ಕಲಮುಗಳು ಅವಕಾಶವಂಚಿತ ಮಕ್ಕಳ ಮೇಲೆ ಶಾಲೆಯಲ್ಲಿ ತಾರತಮ್ಯ ನಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೂ ಸ್ಥಳೀಯ ಸಂಸ್ಥೆಯ ಮೇಲೂ ಹೊರಿಸಿವೆ. ಶಾಲೆಯ ಮೇಲೆ ನಿಗಾ ಇಡುವುದು ಸಮಿತಿಯ ಕಾನೂನುಬದ್ಧ ಕೆಲಸ. ಹಾಗಿದ್ದರೆ ಅಂದೇ ಸಭೆ ಕರೆದು, ಈ ಶಾಲೆಯಲ್ಲಿ ಇವಳ ಕೈಯ ಅಡುಗೆಯೇ ನಡೆಯುತ್ತದೆ ಎಂದು ನಿರ್ಣಯ ಬರೆದು, ಅಧ್ಯಕ್ಷ ತಾನೇ ಮೊದಲ ತಟ್ಟೆ ಹಿಡಿದು ಕೂರಬೇಕು. ಹಾಗೆ ಕೂರುವ ಅಧ್ಯಕ್ಷರಿದ್ದರೆ ಅವರಿಗೆ ನಮ್ಮ ಶರಣು. ಆದರೆ ಊರನ್ನು ಎದುರು ಹಾಕಿಕೊಳ್ಳಲಾರದ ಕಡೆ 'ಗಲಾಟೆ ಯಾಕೆ, ಅವಳನ್ನ ಪಾತ್ರೆ ತೊಳೆಯೋಕೆ ಹಾಕಿ, ಒಲೆ ಹತ್ರ ಬೇರೆಯವ್ರು ಇರ್ಲಿ' ಎಂಬ ಸಂಧಾನ ಹುಟ್ಟುತ್ತದೆ. ಇದಕ್ಕೆ ಸೌಹಾರ್ದ ಎಂದು ಹೆಸರು. ಮಕ್ಕಳು ವಾಪಸು ಬಂದರು, ಶಾಲೆ ಉಳಿಯಿತು, ಇಲಾಖೆಗೆ ನೆಮ್ಮದಿ. 1856ರ ಧಾರವಾಡದ ಆದೇಶಕ್ಕೂ ಈ ಸಂಧಾನಕ್ಕೂ ಏನು ಭೇದವಿದೆ ಹೇಳಿ!

ಮತ್ತೆ ಇಂದಿನ ಕಾಲದಲ್ಲಿ ಈ ಬೆದರಿಕೆಗೆ ಇನ್ನೊಂದು ಹಲ್ಲು ಮೂಡಿದೆ. ಮಕ್ಕಳ ಸಂಖ್ಯೆ ಇಳಿದರೆ ಶಾಲೆಯನ್ನು ಪಕ್ಕದ ಊರಿನ ಶಾಲೆಗೆ ವಿಲೀನ ಮಾಡುವ ಮಾತು ಬರುತ್ತದೆ. ಊರಿನವರು ಟಿ.ಸಿ. ತೆಗೆದುಕೊಂಡು ಹೋದರೆ ಅವರ ಮಕ್ಕಳಿಗೆ ಹಳದಿ ಬಸ್ಸು ಬರುತ್ತದೆ. ಉಳಿದ ಶಾಲೆಯೂ ಮುಚ್ಚಿದರೆ ನಮ್ಮ ಮಕ್ಕಳು ಮೂರು ಮೈಲಿ ನಡೆಯಬೇಕು, ಅದರಲ್ಲಿ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಊರು ಕೈ ಎತ್ತಿದರೆ ಶಾಲೆಯೇ ಇಲ್ಲವಾಗುವಂತಿರುವಾಗ ಹೆಡ್‌ಮೇಷ್ಟ್ರು ಯಾರ ಮಾತು ಕೇಳುತ್ತಾರೆ? ಬಡಪಾಯಿ ಅವರಿಗೂ ಹೆಂಡತಿ ಮಕ್ಕಳಿವೆ.

ಶೌಚಾಲಯದ ವಿಷಯಕ್ಕೆ ಬರೋಣ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ಒಂದು ವಸತಿಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಬಳಿಸಿದರು. ಅವರಲ್ಲಿ ದಲಿತ ಮಕ್ಕಳಿದ್ದರು. ಮಲ ಬಾಚಿಸುವುದನ್ನು 2013ರ ಕಾನೂನು ಅಪರಾಧ ಎಂದ ಮೇಲೆಯೂ ಇದು ನಡೆಯಿತು. ಪ್ರಾಂಶುಪಾಲರೂ ಸೇರಿ ಕೆಲವರನ್ನು ಅಮಾನತು ಮಾಡಲಾಯಿತು. ವಸತಿಶಾಲೆಯ ಆಡಳಿತ ಬೇರೆ, ಹಳ್ಳಿ ಶಾಲೆಯ ಆಡಳಿತ ಬೇರೆ ಎಂಬುದು ನಮಗೆ ಗೊತ್ತು. ಆದರೂ ಇದನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ಹೆಂಡದಂಗಡಿ ಬೇಡ, ವಸತಿಶಾಲೆ ಬೇಕು ಎಂದು ಎಪ್ಪತ್ತು ಎಂಬತ್ತರ ದಶಕದಲ್ಲಿ ಬೀದಿಗಿಳಿದು ಕೂಗಿದ್ದು ದಲಿತ ಚಳವಳಿ. ನಮ್ಮ ಕೂಗಿನಿಂದ ಕಟ್ಟಡ ಎದ್ದಿತು. ಆದರೆ ಕಟ್ಟಡದೊಳಗೆ ಹಗಲೂ ರಾತ್ರಿ ಏನು ನಡೆಯುತ್ತದೆಂದು ಹೋಗಿ ನೋಡುವ ಅಧಿಕಾರ ಆ ಮಕ್ಕಳ ತಾಯಂದಿರ ಕೈಗೆ ಬರಲಿಲ್ಲ. ಪೊರಕೆ ಯಾರ ಕೈಗೆ ಬರುತ್ತದೆ ಎಂಬುದು ಪ್ರತಿ ಶಾಲೆಯಲ್ಲೂ ಆಡಳಿತದ ಪ್ರಶ್ನೆಯೇ. ಸರದಿ ಪಟ್ಟಿ ಹಾಕಿದ್ದೇವೆ ಅನ್ನುತ್ತಾರೆ. ಆ ಸರದಿ ನಮ್ಮ ಮಕ್ಕಳ ಹೆಸರಿನ ಹತ್ತಿರವೇ ಯಾಕೆ ನಿಂತುಬಿಡುತ್ತದೆ ಎಂದು ಕೇಳಲು ಸಮಿತಿಯಲ್ಲಿ ಒಂದು ಬಾಯಿ ಬೇಕು. ಬಾಯಿ ಇರುವ ಸದಸ್ಯೆಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತಷ್ಟೇ ಇದ್ದರೆ ಪೊರಕೆ ಕೈ ಬದಲಾಯಿಸುವುದಿಲ್ಲ.

ಈಗ ನಮ್ಮ ಎದುರು ಬರುವ ವಾದಗಳಿಗೆ ಉತ್ತರ ಹೇಳಬೇಕು.

'ಶಾಲೆಯಲ್ಲೂ ಜಾತಿ ತರಬ್ಯಾಡ್ರಪ್ಪ' ಅನ್ನುತ್ತಾರೆ ದೊಡ್ಡವರು. ತಂದವರು ಯಾರು? ಅಡುಗೆ ಮನೆಯ ಹೊಸ್ತಿಲಲ್ಲಿ ಅದನ್ನು ನಿಲ್ಲಿಸಿದವರು ಯಾರು? ನಾವು ಅದನ್ನು ತೋರಿಸಿದರೆ ತಂದಂತಾಗುವುದಿಲ್ಲ. ಹುಣ್ಣಿಗೆ ಬೆರಳು ತೋರಿದ ವೈದ್ಯನನ್ನೇ ಹುಣ್ಣು ತಂದವನು ಅನ್ನುವ ನ್ಯಾಯ ಇದು.

'ಓದು ಬರಹ ಬಾರದವರು ಆಡಳಿತ ಏನು ಮಾಡಿಯಾರು?' ಅನ್ನುತ್ತಾರೆ ಇನ್ನು ಕೆಲವರು. ಓದಿದವರ ಆಡಳಿತದ ಫಲವನ್ನು ನಾವು ಇಷ್ಟು ಕಾಲ ಉಂಡಿದ್ದೇವೆ. ಅಕ್ಕಿಯಲ್ಲಿ ಹುಳವಿದೆಯೋ ಇಲ್ಲವೋ ಎಂದು ನೋಡಲು ಡಿಗ್ರಿ ಬೇಕೆ? ಮೇಷ್ಟ್ರು ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೆ ಬಂದರು ಎಂದು ಹೇಳಲು ವ್ಯಾಕರಣ ಬೇಕೆ? ತನ್ನ ಮಗ ಐದನೇ ಕ್ಲಾಸಿಗೆ ಬಂದರೂ ತನ್ನ ಹೆಸರು ಬರೆಯಲಾರ ಎಂಬುದು ಅಕ್ಷರ ಬಾರದ ತಾಯಿಗೆ ಎಲ್ಲ ಇನ್ಸ್‌ಪೆಕ್ಟರುಗಳಿಗಿಂತ ಮೊದಲು ಗೊತ್ತಾಗುತ್ತದೆ. ಅಕ್ಷರ ಕೊಡದೆ ಇಟ್ಟವರು ಅಕ್ಷರವಿಲ್ಲ ಎಂದು ಹೀಯಾಳಿಸುವುದು ಎರಡನೆಯ ಕಳ್ಳತನ.

ನಮ್ಮ ಗೆಳೆಯರಾದ ಮೇಷ್ಟ್ರುಗಳ ಮಾತು ಬೇರೆ, ಅದನ್ನು ನಾವು ಗೌರವದಿಂದ ಕೇಳಬೇಕು. ಸಮಿತಿ ಅಂದರೆ ಪುಢಾರಿಗಳ ಕಾಟ, ಚೆಕ್ಕಿಗೆ ರುಜು ಹಾಕಲು ಕಮಿಷನ್ನು ಕೇಳುತ್ತಾರೆ ಅನ್ನುತ್ತಾರೆ ಅವರು. ಸುಳ್ಳಲ್ಲ. ಇದರಲ್ಲಿ ಅತಿ ಹೆಚ್ಚು ನೋಯುವವರು ದಲಿತ ಮೇಷ್ಟ್ರು, ದಲಿತ ಮೇಡಮ್ಮುಗಳು. ಊರಲ್ಲಿ ಬಾಡಿಗೆ ಮನೆ ಸಿಗದೆ ತಾಲೂಕಿನಿಂದ ಬಸ್ಸಿನಲ್ಲಿ ಬಂದು ಹೋಗುವ ದಲಿತ ಶಿಕ್ಷಕಿಯ ಮೇಲೆ 'ತಡವಾಗಿ ಬರ್ತಾಳೆ' ಎಂದು ಸಮಿತಿಯ ಲೆಟರ್‌ಹೆಡ್ಡಿನಲ್ಲಿ ದೂರು ಹೋಗುತ್ತದೆ. ಮನೆ ಕೊಡದವನೇ ದೂರಿಗೆ ರುಜು ಹಾಕಿರುತ್ತಾನೆ. ಮೇಲುಸ್ತುವಾರಿ ಎಂಬ ಆಯುಧಕ್ಕೆ ಕಣ್ಣಿಲ್ಲ. ಅದನ್ನು ಹಿಡಿದವನ ಜಾತಿ ಯಾವ ಕಡೆ ತಿರುಗಿಸುತ್ತದೋ ಆ ಕಡೆ ಬೀಸುತ್ತದೆ. ಆದ್ದರಿಂದಲೇ ಮೇಷ್ಟ್ರುಗಳಿಗೆ ನಾವು ಹೇಳುವುದು: ಸಮಿತಿಯನ್ನು ಬಲಹೀನ ಮಾಡಿದರೆ ನೀವು ಉಳಿಯುವುದಿಲ್ಲ. ಸಮಿತಿಯಲ್ಲಿ ನಿಜವಾದ ತಾಯಂದಿರು ತುಂಬಿದರೆ ಪುಢಾರಿಗೆ ಅಲ್ಲಿ ಕೂರಲು ಜಾಗವಿರುವುದಿಲ್ಲ.

ಇನ್ನೊಂದು ಮಾತು ನಮ್ಮೊಳಗಿನ ಸಂಗಾತಿಗಳದೇ. 'ಇದೆಲ್ಲ ಸರ್ಕಾರ ತನ್ನ ಹೊಣೆ ಜಾರಿಸಿಕೊಳ್ಳುವ ತಂತ್ರ, ವಿಶ್ವಬ್ಯಾಂಕಿನ ಹುನ್ನಾರ. ಸಮಿತಿಗಳಿಗೆ ಬೆಂಕಿ ಇಡಿ.' ಅರ್ಧ ನಿಜ. ಮೇಷ್ಟ್ರನ್ನು ನೇಮಿಸುವ ಅಧಿಕಾರ ಸಮಿತಿಗಿಲ್ಲ, ವರ್ಷ ಮುಗಿಯುತ್ತ ಬಂದರೂ ಖಾಲಿ ಹುದ್ದೆ ತುಂಬಿಸಲು ಅದರಿಂದಾಗದು. ಅಧಿಕಾರವೆಲ್ಲ ಬಿಇಓ ಕಚೇರಿಯ ಬೀರುವಿನಲ್ಲಿ, ಹೊಣೆ ಮಾತ್ರ ಸಮಿತಿಯ ತಲೆಯ ಮೇಲೆ. ಕಾಂಪೌಂಡು ಇಲ್ಲವೆ? ದಾನಿಗಳನ್ನು ಹಿಡಿಯಿರಿ. ಬಣ್ಣವಿಲ್ಲವೆ? ಚಂದಾ ಎತ್ತಿ. ದಾನಿ ಬಂದ ಕೂಡಲೇ ಅವನ ಹೆಸರು ಗೋಡೆಯ ಮೇಲೆ, ಅವನ ಮಾತು ಸಭೆಯ ಮೇಲೆ. ಅವನ ಮಗು ಮಾತ್ರ ಪಟ್ಟಣದ ಕಾನ್ವೆಂಟಿನಲ್ಲಿ! ನಮ್ಮ ಮಕ್ಕಳನ್ನು ಆ ಕಾನ್ವೆಂಟಿಗೆ ಕಳಿಸಲು ಕಾಯ್ದೆಯ 12ನೇ ಕಲಮಿನಲ್ಲಿ ನಾಲ್ಕರಲ್ಲಿ ಒಂದು ಸೀಟಿನ ಕಿಟಕಿ ಇತ್ತು. 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೀಟಿಲ್ಲ ಎಂದು ಆ ಕಿಟಕಿಯನ್ನೂ ಬಹುಪಾಲು ಮುಚ್ಚಿತು. ಸರ್ಕಾರಿ ಶಾಲೆ ಉಳಿಯಬೇಕೆಂಬುದು ಕಾರಣವಾಗಿದ್ದರೆ ನಮಗೂ ಒಪ್ಪಿಗೆಯೇ. ಹಾಗಾದರೆ ಉಳಿದ ಆ ಶಾಲೆಯನ್ನು ನಮ್ಮ ಕೈಗೆ ಕೊಡಿ, ಮೇಷ್ಟ್ರನ್ನು ಕೊಡಿ, ಹಣ ಕೊಡಿ. ಎರಡನ್ನೂ ಕೊಡದೆ ಬಾಗಿಲು ಮಾತ್ರ ಹಾಕುವುದು ಯಾವ ಸಮಾಜವಾದ?

ಆದರೂ ಸಂಗಾತಿಗಳೇ, ಬೆಂಕಿ ಇಡುವುದರಿಂದ ಏನು ಬಂತು? ಸಮಿತಿ ಸುಟ್ಟರೆ ಮತ್ತೆ ಪಟೇಲನ ಬೆಟರ್‌ಮೆಂಟ್ ಕಮಿಟಿ ಹೊಸ ಹೆಸರಿನಲ್ಲಿ ಬರುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರಿಗೆ ಕಪಾಳಕ್ಕೆ ಹೊಡೆದಂತೆ ಉತ್ತರ ಕೊಟ್ಟರು. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದಿದೆ, ಅದು ತನಗೆ ಸಂತೋಷ ಎಂದರು. ಈ ಮಾತಿನ ಬೆಳಕಿನಲ್ಲಿ 21ನೇ ಕಲಮನ್ನು ಮತ್ತೆ ಓದಿ. ಅಲ್ಲಿ 'ಊರಿನವರು' ಎಂದಿಲ್ಲ, 'ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರು' ಎಂದಿದೆ. ಊರಿನ ಯಜಮಾನಿಕೆಗೆ ಅಲ್ಲಿ ಕುರ್ಚಿಯಿಲ್ಲ. ಯಾರ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದೆಯೋ ಅವರಿಗೆ ಕುರ್ಚಿ. ಈ ಕುರ್ಚಿ ನಮಗೆ ಯಾರೂ ದಯಪಾಲಿಸಿದ ದಾನವಲ್ಲ, ಅದನ್ನು ಖಾಲಿ ಬಿಟ್ಟು ಬರುವುದು ಸೋಲು.

ನಮ್ಮ ಒತ್ತಾಯಗಳು ಇವು:

1. ಪೋಷಕರ ಸಭೆ ರಾತ್ರಿ ಅಥವಾ ರಜೆಯ ದಿನ ನಡೆಯಬೇಕು. ವರ್ಷಕ್ಕೆ ಅರ್ಧದಷ್ಟು ಸಭೆಗಳು ಕೇರಿಯಲ್ಲಿ, ಕಾಲೋನಿಯಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ ನಡೆಯಬೇಕು. ಊರಿನವರೂ ಅಲ್ಲಿಗೆ ನಡೆದು ಬರಲಿ, ದಾರಿ ಗೊತ್ತಾಗಲಿ.

2. ಹಗಲು ಸಭೆ ಕರೆದರೆ ಬಂದ ಕೂಲಿಕಾರ ಸದಸ್ಯರಿಗೆ ಆ ದಿನದ ಕೂಲಿಯನ್ನು ಸರ್ಕಾರ ಕೊಡಬೇಕು. ಶಾಸಕರಿಗೆ ಸಭೆಗೆ ಹೋದರೆ ಭತ್ಯೆ ಉಂಟು, ನಮ್ಮವರಿಗೆ ಯಾಕಿಲ್ಲ?

3. ಅಧ್ಯಕ್ಷ ಸ್ಥಾನ ಸರದಿಯಂತೆ ದಲಿತ, ಆದಿವಾಸಿ ಪೋಷಕರಿಗೆ, ಅದರಲ್ಲೂ ತಾಯಂದಿರಿಗೆ ಮೀಸಲಾಗಬೇಕು. ಚೆಕ್ಕಿನ ರುಜು ಮಾಡುವ ಕೈ ನಮ್ಮದಾಗದೆ ಸದಸ್ಯತ್ವ ಬರೀ ಶೃಂಗಾರ.

4. ನಡಾವಳಿ ಪುಸ್ತಕವನ್ನು ಮನೆ ಮನೆಗೆ ಕಳಿಸಿ ರುಜು ಪಡೆಯುವುದನ್ನು ಶಿಕ್ಷಾರ್ಹ ಮಾಡಬೇಕು. ಸಭೆ ಮುಗಿದ ಮೇಲೆ ಬರೆದದ್ದನ್ನೂ ಬಂದ ಹಣ, ಹೋದ ಹಣದ ಲೆಕ್ಕವನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ರುಜು.

5. ಅಡುಗೆಯವರ ಜಾತಿಯ ಕಾರಣಕ್ಕೆ ಊಟ ಬಹಿಷ್ಕಾರ ನಡೆದರೆ ಅವರನ್ನು ಕದಲಿಸಕೂಡದು. ಬಹಿಷ್ಕಾರಕ್ಕೆ ಕುಮ್ಮಕ್ಕು ಕೊಟ್ಟವರ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ಹಾಕಬೇಕು. ಸುಮ್ಮನಿದ್ದ ಸಮಿತಿಯನ್ನು ವಿಸರ್ಜಿಸಿ ಹೊಸದಾಗಿ ಆರಿಸಬೇಕು.

6. ಬಹಿಷ್ಕಾರದಿಂದ ಮಕ್ಕಳ ಸಂಖ್ಯೆ ಇಳಿದ ಶಾಲೆಯನ್ನು ಯಾವ ಕಾರಣಕ್ಕೂ ಮುಚ್ಚಕೂಡದು, ವಿಲೀನ ಮಾಡಕೂಡದು. ಒಂದೇ ಮಗು ಉಳಿದರೂ ಆ ಮಗುವಿಗಾಗಿ ಘಂಟೆ ಬಾರಿಸಬೇಕು.

7. ಸಮಿತಿ ಬರೆದು ಕಳಿಸಿದ ಶಾಲಾ ಅಭಿವೃದ್ಧಿ ಯೋಜನೆಗೆ ಗೊತ್ತಾದ ದಿನದೊಳಗೆ ಇಲಾಖೆ ಬರಹದಲ್ಲಿ ಉತ್ತರ ಕೊಡಬೇಕು. ಮೇಷ್ಟ್ರಿಲ್ಲ ಎಂದು ಬರೆದರೆ ಯಾವತ್ತು ಕಳಿಸುತ್ತೀರಿ ಎಂದು ಹೇಳಬೇಕು.

ಸರ್ಕಾರ ಇವನ್ನು ಕೇಳಿದ ಕೂಡಲೇ ಕೊಟ್ಟುಬಿಡುತ್ತದೆ ಎಂಬ ಭ್ರಮೆ ನಮಗಿಲ್ಲ. ಅದಕ್ಕೇ ಕೊನೆಯ ಮಾತು ಸರ್ಕಾರಕ್ಕಲ್ಲ, ನಮ್ಮವರಿಗೆ.

ಅಕ್ಕಂದಿರೇ, ಅವ್ವಂದಿರೇ, ಮುಂದಿನ ಸಲ ಪುಸ್ತಕ ಬಾಗಿಲಿಗೆ ಬಂದರೆ ರುಜು ಹಾಕಬೇಡಿ. 'ಮೇಷ್ಟ್ರಿಗೆ ಹೇಳು, ಮೀಟಿಂಗಿಗೆ ಬಂದು ಹಾಕ್ತೀನಿ' ಎಂದು ವಾಪಸು ಕಳಿಸಿ. ಒಬ್ಬಳೇ ಹೋಗಬೇಡಿ, ಹತ್ತು ಜನ ಕೂಡಿ ಹೋಗಿ. ಗೋಡೆಗೆ ಒರಗಿ ನಿಲ್ಲಬೇಡಿ, ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಮೊದಲ ದಿನ ಬಾಯಿ ಒಣಗುತ್ತದೆ, ಒಣಗಲಿ. ಒಂದೇ ಒಂದು ಪ್ರಶ್ನೆ ಕೇಳಿ ಬನ್ನಿ, 'ಈ ತಿಂಗಳು ಅಕ್ಕಿ ಎಷ್ಟು ಬಂತು, ಎಷ್ಟು ಬೇಯ್ತು?' ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಏಳಬೇಡಿ. ಅಕ್ಷರ ಕಲಿತ ನಮ್ಮ ಹುಡುಗ ಹುಡುಗಿಯರು ಪಕ್ಕದಲ್ಲಿ ಕೂತು ಬರೆದದ್ದನ್ನು ಓದಿ ಹೇಳಲಿ. ಸಂಘಟನೆಯ ಕೆಲಸ ಅಂದರೆ ಅಂಬೇಡ್ಕರ್ ಜಯಂತಿಗೆ ಬ್ಯಾನರು ಕಟ್ಟುವುದು ಮಾತ್ರವಲ್ಲ, ಇದೂ ಹೌದು.

ಧಾರವಾಡದ ಆ ಹುಡುಗ ಒಬ್ಬನೇ ಬಾಗಿಲು ತಟ್ಟಿದ. ಅವನ ಹಿಂದೆ ಯಾರೂ ಇಲ್ಲವೆಂಬುದೇ ಸರ್ಕಾರಕ್ಕೆ ನೆಪವಾಯಿತು. ಇಂದು ಶಾಲೆಯೊಳಗೆ ತುಂಬಿ ಕೂತಿರುವವರು ನಮ್ಮ ಮಕ್ಕಳೇ. ಅವರ ಶಾಲೆಯ ಆಡಳಿತ ಅವರ ತಾಯಂದಿರದಾಗುವ ತನಕ ನಾವು ಸುಮ್ಮನಿರುವುದಿಲ್ಲ.